‘ಲುಕಿಂಗ್ ಫಾರ್ವರ್ಡ್ ಟು’ ಆದಮೇಲೆ ಮೀಟಾ, ಮೀಟಿಂಗಾ? ಐರಿಶ್‌ನಲ್ಲಿ ಇದನ್ನೇ ಹೇಗೆ ಹೇಳುವುದು?

ಕೊರಿಬ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಐರ್ಲೆಂಡಿನ ಗಾಲ್ವೇಯಲ್ಲಿ. ಪ್ರತಿ ವರ್ಷ ಮಾರ್ಚ್ 1ರಿಂದ 17ರವರೆಗೆ ಇಲ್ಲಿ ‘ಶಾಖ್ತನ್ ನ ಗೇಲ್ಗ’ ನಡೆಯುತ್ತದೆ, ಅಂದರೆ ಐರಿಶ್ ಭಾಷೆಯ ವಾರ. ಹೆಸರಿಗೆ ವಾರ, ನಡೆಯುವುದು ಎರಡು ವಾರಕ್ಕಿಂತ ಜಾಸ್ತಿ! ಮಗಳ ಶಾಲೆಯಲ್ಲಿ ಆಗ ಒಂದು ಸಂಜೆ ‘ಕೇಲೀ’ ಇಟ್ಟುಕೊಂಡಿದ್ದಾರೆ. ಅಪ್ಪ ಅಮ್ಮ, ಮಕ್ಕಳು, ಟೀಚರ್‌ಗಳು ಎಲ್ಲ ಸೇರಿ ಗುಂಪು ಕಟ್ಟಿಕೊಂಡು ಕುಣಿಯುವ ಕಾರ್ಯಕ್ರಮ. ಬರುತ್ತೇವೆ ಅಂತ ಕ್ಲಾಸ್ ಟೀಚರಿಗೆ ಒಂದು ಕಾರ್ಡ್ ಬರೆದು ಕೊಡಬೇಕು.

ಮೇಲೆ ಇಂಗ್ಲಿಷ್, ಕೆಳಗೆ ಐರಿಶ್ ಇರಲಿ ಅಂತ ಮಗಳ ಹಟ. ಇಂಗ್ಲಿಷಿನ ಸಾಲಿನಲ್ಲೇ ಮನೆಯಲ್ಲಿ ಜಗಳ ಶುರುವಾಗಿದೆ. ನಮ್ಮವರು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಸರಿ ಅನ್ನುತ್ತಾರೆ. ‘ಟು’ ಆದಮೇಲೆ ಮೂಲ ಕ್ರಿಯಾಪದವೇ ಬರಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವಲ್ಲ ಅಂತ ವಾದ. ನನಗೆ ‘ಮೀಟಿಂಗ್’ ಸರಿ ಅನ್ನಿಸುತ್ತದೆ, ಆದರೆ ಕಾರಣ ಹೇಳಲು ಬರುವುದಿಲ್ಲ. ಐರಿಶ್ ಸಾಲಿಗೆ ನೆಟ್‌ನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ತರಹ ಇದೆ. ತಿಳಿದವರು ಹೇಳಿ.

ಹಳೇ ಮೇಷ್ಟ್ರು:

ಮೀಟಿಂಗ್ ಸರಿ ತಾಯಿ. ಕಾರಣ ಇಷ್ಟೇ. ಇಂಗ್ಲಿಷಿನಲ್ಲಿ ‘ಟು’ ಅನ್ನುವುದು ಒಂದಲ್ಲ, ಎರಡು. ‘ಐ ವಾಂಟ್ ಟು ಮೀಟ್’ ಅನ್ನುವಾಗ ಇರುವ ‘ಟು’ ಕ್ರಿಯಾಪದದ ಬಾಲ ಹಿಡಿದದ್ದು. ‘ಐ ವೆಂಟ್ ಟು ಮೈಸೂರು’ ಅನ್ನುವಾಗ ಇರುವ ‘ಟು’ ನಮ್ಮ ‘ಗೆ, ಕ್ಕೆ’ ಇದ್ದ ಹಾಗೆ, ನಾಮಪದ ಕೇಳುತ್ತದೆ. ‘ಲುಕ್ ಫಾರ್ವರ್ಡ್ ಟು’ದಲ್ಲಿ ಇರುವುದು ಈ ಎರಡನೆಯದು. ಹಾಗಾಗಿ ಅದರ ಮುಂದೆ ಕ್ರಿಯಾಪದ ಬರಬೇಕಾದರೆ ಅದು ನಾಮಪದದ ವೇಷ ಹಾಕಿಕೊಂಡೇ ಬರಬೇಕು. ‘ಮೀಟ್’ ಹೋಗಿ ‘ಮೀಟಿಂಗ್’ ಆಗಬೇಕು.

ಅನುಮಾನ ಬಂದಾಗ ಆ ಜಾಗದಲ್ಲಿ ಬರೀ ಒಂದು ನಾಮಪದ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ದ ಪಾರ್ಟಿ’ ಸರಿ ಕೇಳುತ್ತದೆ, ಅಲ್ವಾ? ಹಾಗಾದರೆ ಕ್ರಿಯಾಪದಕ್ಕೂ ‘ಇಂಗ್’ ಹಚ್ಚಿ. ‘ಐ ವಾಂಟ್ ಟು ದ ಪಾರ್ಟಿ’ ಅಂದರೆ ಅರ್ಥವೇ ಇಲ್ಲ. ಅಲ್ಲಿ ‘ಇಂಗ್’ ಬೇಡ.

ಇದೇ ಗೊಂದಲ ‘ಯೂಸ್ಡ್ ಟು’ ಜೊತೆಗೂ ಇದೆ. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಅಂದರೆ ಮೊದಲು ಬೇಗ ಏಳುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಅಂದರೆ ಬೇಗ ಏಳುವುದು ರೂಢಿಯಾಗಿದೆ. ಒಂದು ‘ಇಂಗ್’ ತಪ್ಪಿದರೆ ಅರ್ಥವೇ ಬೇರೆ.

ಕನ್ನಡದಲ್ಲೇ ಸುಳಿವು ಇದೆ. ‘ನಿಮ್ಮನ್ನು ಭೇಟಿಯಾಗೋದನ್ನ ಎದುರು ನೋಡ್ತಿದೀನಿ’ ಅನ್ನುತ್ತೇವೆ. ಆ ‘ಓದನ್ನ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಇಂಗ್’. ‘ಭೇಟಿಯಾಗೋಕೆ ಇಷ್ಟ’ ಅನ್ನುವ ‘ಓಕೆ’ ಇದ್ದ ಕಡೆ ಮೂಲ ಕ್ರಿಯಾಪದ.

ಹಾಂ, ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಅಂತ ಆಫೀಸು ಪತ್ರಗಳಲ್ಲಿ ಬರುತ್ತದಲ್ಲ, ಅದೂ ತಪ್ಪೇ. ‘ವೇಯ್ಟಿಂಗ್ ಫಾರ್’ ಜೊತೆ ಕಲಸಿಹೋಗಿ ಹುಟ್ಟಿದ್ದು.

ನುಡಿಹುಚ್ಚ:

ಮೇಷ್ಟ್ರೇ, ನಾಮಪದ ಇಟ್ಟು ನೋಡುವ ಉಪಾಯ ಒಪ್ಪಿದೆ. ಕನ್ನಡದ ಸುಳಿವು ಮಾತ್ರ ಅರ್ಧ ಒಪ್ಪುತ್ತೇನೆ. ನಾವು ‘ನಿಮ್ಮನ್ನ ನೋಡೋಕೆ ಕಾಯ್ತಾ ಇದೀವಿ’ ಅಂತಲೂ ಹೇಳುತ್ತೇವೆ. ನಿಜ ಹೇಳಬೇಕಂದರೆ ಮಾತಿನಲ್ಲಿ ಇದೇ ಜಾಸ್ತಿ. ‘ಎದುರು ನೋಡುತ್ತಿದ್ದೇನೆ’ ಅನ್ನುವುದು ಪತ್ರಿಕೆಯ ಕನ್ನಡ, ಮದುವೆ ಕಾಗದದ ಕನ್ನಡ. ‘ಟು ಮೀಟ್’ ಅಂತ ಬಾಯಿಗೆ ಬರುವುದಕ್ಕೆ ಈ ‘ನೋಡೋಕೆ ಕಾಯ್ತಾ’ ಕೂಡ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ.

ಇನ್ನೊಂದು. ‘ಐ ಲುಕ್ ಫಾರ್ವರ್ಡ್’ ಮತ್ತು ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಎರಡರಲ್ಲಿ ಯಾವುದು ಕಾರ್ಡಿಗೆ?

ಹಳೇ ಮೇಷ್ಟ್ರು:

ಒಳ್ಳೆ ಮಾತು. ‘ಕಾಯು’ ಬಂದ ಕಡೆ ನನ್ನ ಸುಳಿವು ನಡೆಯುವುದಿಲ್ಲ, ‘ಎದುರು ನೋಡು’ ಇದ್ದರೆ ಮಾತ್ರ ನಡೆಯುತ್ತದೆ. ನಾಮಪದ ಇಟ್ಟು ನೋಡುವುದೇ ಗಟ್ಟಿ ಉಪಾಯ.

ಎರಡನೆಯದಕ್ಕೆ: ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಸ್ವಲ್ಪ ಬಿಗಿ, ಕೆಲಸದ ಪತ್ರಕ್ಕೆ ಹೊಂದುತ್ತದೆ. ‘ವೀ ಆರ್ ಲುಕಿಂಗ್ ಫಾರ್ವರ್ಡ್’ ಬೆಚ್ಚಗಿನ ಮಾತು. ಮಗಳ ಟೀಚರಿಗೆ ಇದೇ ಚೆನ್ನ.

ಆದರೆ ವ್ಯಾಕರಣಕ್ಕಿಂತ ಜಾಸ್ತಿ ಎಡವುವುದು ಪದ ಆರಿಸುವಾಗ. ‘ಹೋಪ್’ ಅಂದರೆ ಆಗಲಿ ಅನ್ನುವ ಆಸೆ, ಆಗುತ್ತದೋ ಇಲ್ಲವೋ ಗೊತ್ತಿಲ್ಲ. ‘ಎಕ್ಸ್‌ಪೆಕ್ಟ್’ ಅಂದರೆ ಆಗುತ್ತದೆ ಅಂತ ನಂಬಿಕೆ, ಖುಷಿ ಇರಲೇಬೇಕು ಅಂತಿಲ್ಲ. ‘ಲುಕ್ ಫಾರ್ವರ್ಡ್’ ಅಂದರೆ ಆಗುವುದು ಖಚಿತ, ಜೊತೆಗೆ ಖುಷಿಯೂ ಇದೆ. ‘ವೀ ಆರ್ ಎಕ್ಸ್‌ಪೆಕ್ಟಿಂಗ್ ಯು ಅಟ್ ಸಿಕ್ಸ್’ ಅಂತ ಮನೆಯವರು ಅತಿಥಿಗೆ ಹೇಳಿದರೆ ಪ್ರೀತಿ. ‘ಐ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ ಬೈ ಮಂಡೇ’ ಅಂದರೆ ಅಪ್ಪಣೆ. ನಮ್ಮವರು ಎಷ್ಟೋ ಜನ ಇದನ್ನು ವಿನಯ ಅಂದುಕೊಂಡೇ ಬರೆಯುತ್ತಾರೆ!

‘ಆಂಟಿಸಿಪೇಟ್’ ಅನ್ನುವುದನ್ನು ಇಂಥ ಕಾರ್ಡಿನಲ್ಲಿ ಮುಟ್ಟಬೇಡಿ. ಮುಂದೆ ಏನಾಗುತ್ತದೆ ಅಂತ ಮೊದಲೇ ಊಹಿಸಿ ತಯಾರಾಗುವುದು ಅದರ ಮುಖ್ಯ ಅರ್ಥ. ತೊಂದರೆಯನ್ನೂ ಆಂಟಿಸಿಪೇಟ್ ಮಾಡಬಹುದು. ‘ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಶನ್’ ಅಂತ ನಾವು ಅರ್ಜಿ ಮುಗಿಸುತ್ತಿದ್ದೆವಲ್ಲ, ಅದು ಹಳೇ ಕಚೇರಿ ಇಂಗ್ಲಿಷ್. ಈಗ ಓದುವವರಿಗೆ ‘ನೀನು ಮಾಡೇ ಮಾಡ್ತೀಯ’ ಅಂತ ಮೊದಲೇ ಗಂಟು ಹಾಕಿದ ಹಾಗೆ ಕೇಳುತ್ತದೆ.

ಐರಿಶ್ ನನಗೆ ಬಾರದು. ಅಲ್ಲಿರುವವರು ಹೇಳಲಿ.

ಲೀ ತೀರ:

ನಾನು ಕಾರ್ಕ್‌ನಲ್ಲಿದ್ದೇನೆ. ಸಂಜೆ ತರಗತಿಗೆ ಹೋಗಿ ಐರಿಶ್ ಕಲಿತದ್ದು. ಉಚ್ಚಾರಣೆಯನ್ನು ಕನ್ನಡದಲ್ಲಿ ಹತ್ತಿರಹತ್ತಿರ ಬರೆಯುತ್ತೇನೆ. ಕಾರ್ಡಿಗೆ ಬೇಕಾದ ರೋಮನ್ ಕಾಗುಣಿತವನ್ನು ‘ಚಂಗ್‌ಲನ್’ ಜಾಲತಾಣದ ನಿಘಂಟಿನಲ್ಲಿ ಹುಡುಕಿ ಖಾತ್ರಿ ಮಾಡಿಕೊಳ್ಳಿ, ಮಗಳು ತೋರಿಸುತ್ತಾಳೆ. ಬೇರೆ ಬೇರೆ ಉಪಭಾಷೆಯವರು ಪದ ಹೇಳುವುದನ್ನೂ ಅಲ್ಲೇ ಕೇಳಬಹುದು.

ಮೊದಲು ಬೇಡದ್ದನ್ನು ತೆಗೆದುಹಾಕೋಣ. ‘ಅ ಫೇಖಿಂತ್ ಎರ್ ಐ’ ಅಂತ ಎಲ್ಲಾದರೂ ಸಿಕ್ಕಿದರೆ ಬಿಟ್ಟುಬಿಡಿ. ಅದು ‘ಲುಕಿಂಗ್ ಫಾರ್ವರ್ಡ್’ ಅನ್ನು ಪದಕ್ಕೆ ಪದ ಇಟ್ಟು ಮಾಡಿದ್ದು. ಮುಂದಕ್ಕೆ ಕಣ್ಣು ಹಾಯಿಸುತ್ತಿದ್ದೇವೆ ಅಂತಾಗುತ್ತದೆ ಹೊರತು ಖುಷಿ ಬರುವುದಿಲ್ಲ. ಇಂಥ ಇಂಗ್ಲಿಷ್ ವಾಸನೆಯ ಐರಿಶ್‌ಗೆ ಅವರು ‘ಬೇರ್ಲಖಸ್’ ಅಂತ ಹೆಸರಿಟ್ಟು ಬೈಯುತ್ತಾರೆ.

ಸರಿಯಾದದ್ದು ‘ಅ ಸೂಲ್ ಲೆ’. ‘ಸೂಲ್’ ಅಂದರೆ ಕಣ್ಣು. ನಿರೀಕ್ಷೆ ಅಂತಲೂ ಅರ್ಥ. ‘ಲೆ’ ಅಂದರೆ ಜೊತೆ. ನಮ್ಮ ‘ಎದುರು ನೋಡು’ವಿನಲ್ಲೂ ನೋಟ ಇದೆ, ಇಂಗ್ಲಿಷಿನ ‘ಲುಕ್’ನಲ್ಲೂ ಇದೆ, ಇಲ್ಲೂ ಕಣ್ಣೇ. ಆದರೂ ಒಂದರ ಪದಗಳನ್ನು ಇನ್ನೊಂದರೊಳಗೆ ತುರುಕಲು ಬರುವುದಿಲ್ಲ ನೋಡಿ.

ಹೋಪ್, ಎಕ್ಸ್‌ಪೆಕ್ಟ್, ಲುಕ್ ಫಾರ್ವರ್ಡ್ ಅಂತ ಮೇಷ್ಟ್ರು ಹೇಳಿದ ಮೆಟ್ಟಿಲುಗಳು ಇಲ್ಲಿ ಬೇರೆ ರೀತಿ ಜೋಡಿಸಿಕೊಂಡಿವೆ. ‘ತಾ ಸೂಲ್ ಅಗಮ್’ ಅಂದರೆ ಆಸೆ ನನ್ನ ಹತ್ತಿರ ಇದೆ, ಅಂದರೆ ‘ಐ ಹೋಪ್’. ‘ತಾ ಮೇ ಅ ಸೂಲ್ ಲೆ’ ಅಂದರೆ ನಿರೀಕ್ಷಿಸುತ್ತಿದ್ದೇನೆ. ಕಾಗದ ಬರುವುದಿದ್ದರೂ ಇದೇ, ಮಗು ಆಗುವುದಿದ್ದರೂ ಇದೇ. ಖುಷಿ ಸೇರಬೇಕಾದರೆ ನಡುವೆ ‘ಗೊ ಮೋರ್’ ಸೇರಿಸುತ್ತಾರೆ, ‘ತುಂಬಾ’ ಅಂತ. ‘ತಾ ಮೇ ಅ ಸೂಲ್ ಗೊ ಮೋರ್ ಲೆ’ ಅಂದ ಕೂಡಲೇ ಅದು ‘ಲುಕಿಂಗ್ ಫಾರ್ವರ್ಡ್’ ಆಯಿತು. ಈ ‘ಗೊ ಮೋರ್’ ಬಿಡಬೇಡಿ. ಬಿಟ್ಟರೆ ತಪ್ಪಲ್ಲ, ಆದರೆ ಬಸ್ಸಿಗೆ ಕಾದ ಹಾಗೆ ಸಪ್ಪೆ ಅನ್ನಿಸಬಹುದು.

ಇನ್ನೂ ಜೋರಾಗಿ ಹೇಳಬೇಕಂದರೆ ‘ಅ ತ್ನೂ ಲೆ’. ಹಂಬಲಿಸುತ್ತಿದ್ದೇನೆ ಅನ್ನುವಷ್ಟು ಬಿಸಿ. ಈ ‘ತ್ನೂ’ಗೆ ಅಸೂಯೆ ಅನ್ನುವ ಇನ್ನೊಂದು ಹಳೇ ಅರ್ಥವೂ ನಿಘಂಟಿನಲ್ಲಿದೆ, ಹೆದರಬೇಡಿ.

ನಿಮ್ಮ ಕಾರ್ಡಿಗೆ: ‘ತಾ ಮ್ವಿಡ್ ಅ ಸೂಲ್ ಗೊ ಮೋರ್ ಲೆಶ್ ಅನ್ ಗೇಲೀ, ಅಗಸ್ ಲೆ ಬುವಲ ಲ್ಯಾತ್.’ ಕೇಲೀಯನ್ನೂ ನಿಮ್ಮನ್ನು ಭೇಟಿಯಾಗುವುದನ್ನೂ ತುಂಬಾ ಎದುರು ನೋಡುತ್ತಿದ್ದೇವೆ ಅಂತ. ನಮ್ಮ ಕಾರ್ಕ್ ಕಡೆಯಾದರೆ ‘ತಾ ಮ್ವಿಡ್’ ಬದಲು ‘ತಾಮಿಡ್’ ಅನ್ನುತ್ತಾರೆ. ನೀವು ಗಾಲ್ವೇಯಲ್ಲಿದ್ದೀರಿ, ‘ತಾ ಮ್ವಿಡ್’ ಇರಲಿ.

‘ಲೆ ಬುವಲ’ ಗಮನಿಸಿ. ‘ಬುವಲ’ ಕ್ರಿಯಾಪದವಲ್ಲ, ಅದರಿಂದ ಆದ ನಾಮಪದ. ‘ಮೀಟ್’ ಅಲ್ಲ, ‘ಮೀಟಿಂಗ್’! ಮೇಷ್ಟ್ರು ಹೇಳಿದ್ದೇ ಇಲ್ಲೂ ನಡೆಯುತ್ತಿದೆ.

ಬೆಳಗಾವಿ ಕುಂದಾ:

ಅಲ್ರೀ, ಅಲ್ಲಿ ಐರಿಶ್ ಮಾತಾಡುವವರು ಯಾರಿದ್ದಾರೆ? ಟೀಚರಿಗೂ ಇಂಗ್ಲಿಷೇ ಮನೆಮಾತು ಇರಬೇಕು. ಸುಮ್ನೆ ಇಂಗ್ಲಿಷಿನಲ್ಲಿ ಬರೆದು ಕೈ ತೊಳೆದುಕೊಳ್ಳಬಾರದಾ?

ಡೊನೆಗಾಲ್ ಮಳೆ:

ಕುಂದಾ ಅವರೇ, ಪ್ರಶ್ನೆ ಸರಿಯೇ, ಉತ್ತರ ಎರಡು ತುಂಡಾಗಿದೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ನಮಗೆ ಐರಿಶ್ ಬರುತ್ತದೆ ಅಂದರು. ಶಾಲೆಯ ಹೊರಗೆ ದಿನಾ ಮಾತಾಡುತ್ತೇವೆ ಅಂದವರು 72 ಸಾವಿರದ ಹತ್ತಿರ ಅಷ್ಟೇ. ಅಂದರೆ ಹೆಚ್ಚಿನವರಿಗೆ ಅದು ಶಾಲೆಯಲ್ಲಿ ಕಲಿತ ಭಾಷೆ. ಆದರೆ ಗಾಲ್ವೇಯಿಂದ ಪಶ್ಚಿಮಕ್ಕೆ ಬಸ್ಸು ಹಿಡಿದು ಸ್ಪಿಡಲ್ ಕಡೆ ಹೋದರೆ ಅಂಗಡಿಯಲ್ಲೂ ಅದೇ ಕಿವಿಗೆ ಬೀಳುತ್ತದೆ. ನಾನಿರುವ ಡೊನೆಗಾಲ್‌ನ ಕೆಲವು ಊರುಗಳಲ್ಲೂ ಅಷ್ಟೇ. ಸಂವಿಧಾನದ ಪ್ರಕಾರ ದೇಶದ ಮೊದಲ ಅಧಿಕೃತ ಭಾಷೆ ಅದು. 2007ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯೂ ಹೌದು.

ಕೇಲೀ ಇಟ್ಟುಕೊಂಡ ಟೀಚರಿಗೆ, ಅದೂ ಶಾಖ್ತನ್ ನ ಗೇಲ್ಗದಲ್ಲಿ, ಒಂದು ಸಾಲು ಐರಿಶ್‌ನಲ್ಲಿ ಸಿಕ್ಕಿದರೆ ಖುಷಿಯಾಗದೆ ಇರುತ್ತದಾ? ಬೆಂಗಳೂರಿನಲ್ಲಿ ಹೊರಗಿನವರು ರಾಜ್ಯೋತ್ಸವಕ್ಕೆ ಎರಡು ಸಾಲು ಕನ್ನಡದಲ್ಲಿ ಬರೆದುಕೊಟ್ಟರೆ ನಮಗೆ ಆಗುವುದಿಲ್ಲವಾ?

ಬೆಳಗಾವಿ ಕುಂದಾ:

ಅದು ಖರೇ. ಬರೀರಿ ಅಕ್ಕಾರ.

ಕೊರಿಬ್ ದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರ ನಮ್ಮವರಿಗೆ ಓದಿ ಹೇಳಿದೆ. ‘ದ ಪಾರ್ಟಿ’ ಇಟ್ಟು ನೋಡಿ ಸುಮ್ಮನಾದರು.

ಲೀ ತೀರ ಅವರಿಗೆ ಎರಡು ಪ್ರಶ್ನೆ. ಕಾರ್ಯಕ್ರಮದ ಹೆಸರು ಕೇಲೀ. ನೀವು ‘ಗೇಲೀ’ ಅಂತ ಬರೆದಿದ್ದೀರಿ. ಗೇಲಿ ಮಾಡಿದಂತೆ ಆಗುವುದಿಲ್ಲವೇ? ಎರಡನೆಯದು, ‘ಲ್ಯಾತ್’ ಅಂದರೆ ‘ನಿನ್ನ ಜೊತೆ’ ಅಂತ ಏಕವಚನ ಅಂದಳು ಮಗಳು. ಟೀಚರಿಗೆ ‘ನೀನು’ ಅನ್ನುವುದು ಹೇಗೆ? ‘ಲಿವ್’ ಅಂತ ಬಹುವಚನ ಇದೆಯಂತಲ್ಲ, ಅದನ್ನು ಹಾಕಲಾ?

ಲೀ ತೀರ:

ಎರಡನೆಯದಕ್ಕೆ ಮೊದಲು. ಈಗಿನ ಬಳಕೆಯಲ್ಲಿ ಗೌರವಕ್ಕೆ ಅಂತ ಬಹುವಚನ ಇಲ್ಲ. ಒಬ್ಬರಿದ್ದರೆ ‘ಲ್ಯಾತ್’, ಜಾಸ್ತಿ ಜನ ಇದ್ದರೆ ‘ಲಿವ್’. ಒಬ್ಬ ಟೀಚರಿಗೆ ‘ಲಿವ್’ ಬರೆದರೆ ‘ನಿಮ್ಮೆಲ್ಲರನ್ನೂ’ ಅಂತ ಓದಿಕೊಳ್ಳುತ್ತಾರೆ. ನಮ್ಮ ಕನ್ನಡದ ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು. ಗೌರವ ಬೇಕಂದರೆ ಕೊನೆಗೆ ‘ಲೆ ಮ್ಯಾಸ್’ ಹಾಕಿ, ‘ಗೌರವದೊಂದಿಗೆ’ ಅಂತ. ಪತ್ರ ಮುಗಿಸುವ ಮಾಮೂಲು ಮಾತು ಅದು.

ಗೇಲೀ ವಿಷಯ ಸ್ವಲ್ಪ ಉದ್ದ ಇದೆ. ನುಡಿಹುಚ್ಚ ಇದ್ದಾರಲ್ಲ, ಅವರಿಗೆ ಬಿಡುತ್ತೇನೆ.

ನುಡಿಹುಚ್ಚ:

ಬಿಟ್ಟದ್ದು ಒಳ್ಳೆಯದಾಯಿತು, ಇದನ್ನು ಹೇಳಲು ಕೈ ಕಡಿಯುತ್ತಿತ್ತು.

ಅಕ್ಕ, ಆದೇಶ ಸಂಧಿ ನೆನಪಿದೆಯಾ? ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಕತಪಗಳಿಗೆ ಗದಬ ಆದೇಶ ಅಂತ ಬಾಯಿಪಾಠ ಮಾಡಿದ್ದೇವೆ. ಐರಿಶ್‌ನಲ್ಲೂ ಕೆಲವು ಪದಗಳು ಆದಮೇಲೆ ಬಂದಾಗ ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ ಆಗುತ್ತದೆ! ‘ಲೆಶ್ ಅನ್’ ಬಂದದ್ದಕ್ಕೆ ಕೇಲೀ ಹೋಗಿ ಗೇಲೀ ಆಯಿತು. ಪದ ಅದೇ, ಅರ್ಥವೂ ಅದೇ.

ವ್ಯತ್ಯಾಸ ಏನಂದರೆ, ನಾವು ಕ ಅಳಿಸಿ ಗ ಬರೆಯುತ್ತೇವೆ. ಅವರು ಹಳೆಯ ಅಕ್ಷರವನ್ನು ಬಿಡುವುದಿಲ್ಲ. ‘ಸಿ’ ಹಾಗೇ ಇರುತ್ತದೆ, ಅದಕ್ಕಿಂತ ಮೊದಲು ಒಂದು ‘ಜಿ’ ತಂದು ಕೂರಿಸುತ್ತಾರೆ. ಓದುವಾಗ ‘ಜಿ’ ಮಾತ್ರ, ‘ಸಿ’ ಮೌನ. ಆದ್ದರಿಂದ ನಿಘಂಟಿನಲ್ಲಿ ‘ಜಿ’ ಕೆಳಗೆ ಹುಡುಕಿದರೆ ಸಿಗುವುದಿಲ್ಲ, ‘ಸಿ’ ಕೆಳಗೆ ಹುಡುಕಬೇಕು. ಹುಟ್ಟಿದ ಕಾರಣವೂ ಬೇರೆ. ಐರಿಶ್‌ನದ್ದು ಹಿಂದಿನ ಪದದ ಕೊನೆಯಲ್ಲಿ ಹಿಂದೊಮ್ಮೆ ಇದ್ದ ಅನುನಾಸಿಕದ ಗುರುತು. ಸಂಬಂಧ ಕಲ್ಪಿಸಬೇಡಿ, ಹೋಲಿಕೆ ಮಾತ್ರ ಸವಿಯಿರಿ.

ಇನ್ನೊಂದು ಕಡೆಯೂ ಕನ್ನಡದವರಿಗೆ ಸುಲಭ. ಐರಿಶ್ ವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಅದು ನಮಗೆ ಉಲ್ಟಾ. ಆದರೆ ‘ನಿನ್ನನ್ನು ನೋಡುವುದು’ ಅನ್ನುವಂಥ ತುಂಡಿನಲ್ಲಿ ನಮ್ಮ ಹಾಗೇ ‘ನಿನ್ನನ್ನು’ ಮೊದಲು, ‘ನೋಡುವುದು’ ಆಮೇಲೆ. ‘ಅ ಸೂಲ್ ಲೆ ತೂ ಅ ಎಕಾಲ್’. ಇದರಲ್ಲಿ ‘ತೂ’ ಅಂದರೆ ನೀನು, ‘ಎಕಾಲ್’ ಅಂದರೆ ನೋಡುವುದು. ಇಂಗ್ಲಿಷ್ ಮನೆಮಾತಿನವರು ಇಲ್ಲಿ ತಡವರಿಸುತ್ತಾರೆ, ನಾವು ತಡವರಿಸಬೇಕಾಗಿಲ್ಲ.

ಡೊನೆಗಾಲ್ ಮಳೆ:

ನಮ್ಮ ಉತ್ತರದ ಕಡೆಯದ್ದನ್ನೂ ಸೇರಿಸುತ್ತೇನೆ. ಇಲ್ಲಿ ‘ಲೆಶ್ ಅನ್’ ಆದಮೇಲೆ ಗೇಲೀ ಆಗುವುದಿಲ್ಲ, ‘ಹೇಲೀ’ ತರಹ ಕೇಳುತ್ತದೆ. ‘ಸಿ’ ಪಕ್ಕದಲ್ಲಿ ಒಂದು ‘ಎಚ್’ ಬರುತ್ತದೆ. ಎರಡೂ ಸರಿ. ನಿರೀಕ್ಷಿಸುವುದಕ್ಕೆ ‘ಅ ಡ್ರೇಮ್ ಲೆ’ ಅನ್ನುವುದೂ ಇಲ್ಲಿ ಜಾಸ್ತಿ ಕಿವಿಗೆ ಬೀಳುತ್ತದೆ. ಗಾಲ್ವೇ ಟೀಚರಿಗೆ ಅದು ಬೇಡ, ಗೊತ್ತಿರಲಿ ಅಂತ ಹೇಳಿದೆ.

ಕಾರ್ಡ್ ಬರೆಯುವಾಗ ಒಂದು ಕಡೆ ಮಾತ್ರ ಕಣ್ಣಿಟ್ಟು ಬರೆಯಿರಿ. ‘ಸೂಲ್’ ಕಾಗುಣಿತ ಎಸ್, ಯು ಮೇಲೆ ಗೀಟು, ಐ, ಎಲ್. ಆ ಯು ಮತ್ತು ಐ ಅದಲುಬದಲಾದರೆ ‘ಶೂಲ್’ ಆಗುತ್ತದೆ, ಅಂದರೆ ನಡೆಯುವುದು. ‘ಕೇಲೀ ಜೊತೆ ತುಂಬಾ ನಡೆಯುತ್ತಿದ್ದೇವೆ’ ಅಂತ ಟೀಚರ್ ಓದಿಕೊಳ್ಳಬೇಕಾಗುತ್ತದೆ. ಹೊಸದಾಗಿ ಕಲಿಯುವವರು ಎಡವುವ ಜಾಗ ಇದು.

ಆ ಗೀಟನ್ನೂ ಬಿಡಬೇಡಿ. ಅದರ ಹೆಸರು ‘ಫಾದ’, ಅರ್ಥ ಉದ್ದ. ನಮ್ಮ ದೀರ್ಘ ಇದ್ದ ಹಾಗೆ. ‘ಶನ್’ ಅಂದರೆ ಹಳೆಯ, ಅದರ ‘ಎ’ ಮೇಲೆ ಗೀಟು ಎಳೆದರೆ ‘ಶನ್’ ಹೋಗಿ ‘ಶಾನ್’, ಹುಡುಗನ ಹೆಸರು.

ಹೊಸಬ 2:

ಚರ್ಚೆ ಓದಿ ಆಸೆಯಾಯಿತು. ‘ಐ ಕಾಂಟ್ ವೇಯ್ಟ್’ ಅಂತಾರಲ್ಲ, ಆ ಥರ ಗೆಳೆಯರಿಗೆ ಐರಿಶ್‌ನಲ್ಲಿ ಹೇಳಬೇಕಂದರೆ? ಪದಕ್ಕೆ ಪದ ಇಟ್ಟರೆ ಮತ್ತೆ ಬೇರ್ಲಖಸ್ ಆಗುತ್ತದೆ ಅಂತ ಊಹೆ.

ಲೀ ತೀರ:

ಊಹೆ ಸರಿ. ‘ನೀ ಫೇದರ್ ಲ್ಯುಮ್ ಫನಖ್ತ್’ ಅಂದರೆ ಕಾಯಲು ನನ್ನಿಂದ ಆಗುವುದಿಲ್ಲ ಅಂತಲೇ ಅರ್ಥ, ಕೆಲಸ ಇದೆ ಹೊರಡುತ್ತೇನೆ ಅಂದ ಹಾಗೆ. ಹುಡುಗರು ಈಗ ಇದನ್ನೂ ಬಳಸುತ್ತಾರೆ, ದೊಡ್ಡವರು ಮುಖ ಸಿಂಡರಿಸುತ್ತಾರೆ.

ಗೆಳೆಯರಿಗೆ ‘ತಾ ಮೇ ಎರ್ ಬೀಶ್’ ಅನ್ನಿ. ತುದಿಗಾಲಲ್ಲಿ ನಿಂತಿದ್ದೇನೆ ಅನ್ನುವ ಭಾವ. ನನಗೆ ತುಂಬಾ ಇಷ್ಟ ಆಗುವುದು ಇನ್ನೊಂದು: ‘ಇಸ್ ಫಾದ ಲ್ಯುಮ್ ಗೊ ವೆಕಿ ಮೇ ಹೂ’. ನಿನ್ನನ್ನು ನೋಡುವವರೆಗಿನ ಕಾಲ ನನಗೆ ಉದ್ದ ಅನ್ನಿಸುತ್ತಿದೆ ಅಂತ. ಇದು ಅಮ್ಮನಿಗೆ, ಪ್ರೀತಿಸಿದವರಿಗೆ ಹೇಳುವ ಮಾತು. ಟೀಚರಿಗೆ ಬೇಡ ಮಾರಾಯ್ರೇ.

ಕೆಲಸದ ಪತ್ರದ ಕೊನೆಗೆ ‘ಅ ಸೂಲ್ ಲೆ ಕ್ಲಿಶ್ತಾಲ್ ವೆಚ್’ ಸಾಕು, ನಿಮ್ಮಿಂದ ಉತ್ತರ ಬರುವುದನ್ನು ಎದುರು ನೋಡುತ್ತಾ ಅಂತ.

ಬೆಳಗಾವಿ ಕುಂದಾ:

ಎಲ್ಲರೂ ಖುಷಿಯದ್ದೇ ಹೇಳಿದಿರಿ. ನನಗೆ ನಾಳೆ ಹಲ್ಲು ಕೀಳಿಸಲು ಹೋಗುವುದಿದೆ. ‘ಐ ಆಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ಇಟ್’ ಅನ್ನಬೇಕಲ್ಲ, ಅದಕ್ಕೇನು? ಮೊದಲಿಗೆ ಇಲ್ಲ ಅಂತ ಸೇರಿಸಿಬಿಡಲಾ?

ಡೊನೆಗಾಲ್ ಮಳೆ:

ಬೇಡ. ‘ನೀಲ್ ಮೇ ಅ ಸೂಲ್ ಲೆಶ್’ ಅಂದರೆ ಅದು ಆಗುತ್ತದೆ ಅಂತ ನಾನು ಅಂದುಕೊಂಡಿಲ್ಲ ಅಂತಲೂ ಆಗುತ್ತದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ರದ್ದು ಮಾಡಿಬಿಟ್ಟಾರು. ‘ನೀಲ್ ಫೂನ್ ಓರಮ್ ದುಲ್ ಆನ್’ ಅನ್ನಿ. ‘ಫೂನ್’ ಅಂದರೆ ಮನಸ್ಸು, ಆಸೆ. ‘ಓರಮ್’ ಅಂದರೆ ನನ್ನ ಮೇಲೆ. ಅಲ್ಲಿಗೆ ಹೋಗಲು ನನಗೆ ಮನಸ್ಸಿಲ್ಲ. ಖುಷಿ, ಬೇಸರ, ಹಸಿವು, ಹೆದರಿಕೆ ಎಲ್ಲ ಅವರಿಗೆ ಹೀಗೆ ಮೈಮೇಲೆ ಬರುತ್ತವೆ, ನಮಗೆ ‘ನನಗೆ’ ಅಂತ ಬಂದ ಹಾಗೆ. ಹೆದರಿಕೆ ಜಾಸ್ತಿ ಇದ್ದರೆ ‘ತಾ ಆಗ್ಲ ಓರಮ್’ ಅಂತ ನೇರವಾಗಿ ಹೇಳಿ ಕುರ್ಚಿಯಲ್ಲಿ ಕೂತುಬಿಡಿ.